ಬಸ್ಸಿನಲ್ಲಿ ವೈಫೈ ಕೂರಿಸುವ ಕೆಲಸ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ದಾರಿಗಳಿಗೆ

ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟ ಬಸ್ಸಿನಲ್ಲಿ ಕೂತ ಹೆಚ್ಚಿನವರ ಮೊಬೈಲಿನಲ್ಲಿ ಆಗಲೇ ಡೇಟಾ ಇರುತ್ತದೆ. ಹಾಗಿದ್ದರೆ ಬಸ್ಸಿನ ವೈಫೈ ಯಾರಿಗೆ? ದಿನದ ಪಾಲಿನ ಡೇಟಾವನ್ನು ಮಧ್ಯಾಹ್ನಕ್ಕೇ ಮುಗಿಸಿದ ಕಾಲೇಜು ಹುಡುಗರಿಗೆ, ತಮ್ಮ ಕಂಪನಿಯ ಟವರ್ ಸಿಗದ ಕಡೆ ಸಾಗುತ್ತಿರುವವರಿಗೆ, ರೀಚಾರ್ಜ್ ಮುಗಿದು ಎರಡು ದಿನವಾದವರಿಗೆ, ಟಿಕೆಟ್ಟಿಗೆ ಯುಪಿಐ ಮಾಡಲು ಹೋಗಿ ಪರದೆಯ ಮೇಲೆ ಚಕ್ರ ತಿರುಗುವುದನ್ನೇ ನೋಡುತ್ತ ಕಂಡಕ್ಟರ್ ಎದುರು ನಿಂತವರಿಗೆ. ಇವರಲ್ಲಿ ಯಾರೂ ನೂರು ಎಂಬಿಪಿಎಸ್ ಕೇಳುವುದಿಲ್ಲ. ಎಲ್ಲರಿಗೂ ಸ್ವಲ್ಪ ಸಿಗಬೇಕು, ಸಿಕ್ಕಿದ್ದು ದಾರಿಯುದ್ದಕ್ಕೂ ಕಡಿಯಬಾರದು. ಕೆಳಗಿನ ಅಳತೆಗಳೆಲ್ಲ ಈ ಲೆಕ್ಕದಿಂದ ಬಂದವು.

ಬಸ್ಸಿನ ವೈಫೈ ನಿಂತರೆ ಎಲ್ಲರೂ ಮೊದಲು ಬೈಯುವುದು ಸಿಮ್ ಕಂಪನಿಯನ್ನು. ಬಿಚ್ಚಿ ನೋಡಿದರೆ ತಂತಿಯ ತುದಿಯಲ್ಲಿ ಸಡಿಲಾದ ಲಗ್, ಹಾರಿದ ಫ್ಯೂಜ್, ನೀರು ಕುಡಿದ ಆಂಟೆನಾ ಕೇಬಲ್, ಇಲ್ಲವೆ ಮುಗಿದುಹೋದ ಐಪಿ ವಿಳಾಸ (ಜಾಲಕ್ಕೆ ಸೇರಿದ ಪ್ರತಿ ಮೊಬೈಲಿಗೂ ಸಿಗಬೇಕಾದ ಸಂಖ್ಯೆ) ಸಿಗುವುದೇ ಹೆಚ್ಚು. ಆದ್ದರಿಂದ ಇಲ್ಲಿ ಸಿಮ್ಮಿಗಿಂತ ತಂತಿಯ ಮಾತು, ವೇಗಕ್ಕಿಂತ ಹಂಚಿಕೆಯ ಮಾತು ಜಾಸ್ತಿ ಬರುತ್ತದೆ.

ಹಣ ಕಡಿಮೆಯಿದ್ದರೆ ಬಸ್ಸಿಗಿಂತ ಮೊದಲು ಬಸ್ ನಿಲ್ದಾಣಕ್ಕೆ ಹಾಕಿ. ಗದಗ, ಹಾವೇರಿಯಂಥ ನಿಲ್ದಾಣಗಳಿಗೆ ಫೈಬರ್ ಎಳೆಯಬಹುದು. ಫೈಬರ್‌ನಲ್ಲಿ ಒಂದು ಜಿಬಿಗೆ ಬೀಳುವ ಖರ್ಚು ಸಿಮ್‌ಗಿಂತ ಬಹಳ ಕಡಿಮೆ, ಅಲುಗಾಟವಿಲ್ಲ, ಬ್ಯಾಟರಿಯ ಚಿಂತೆಯಿಲ್ಲ. ಬಸ್ಸು ಕಾಯುವ ಅರ್ಧ ಗಂಟೆಯಲ್ಲಿ ಜನ ತಮಗೆ ಬೇಕಾದ ವಿಡಿಯೋ ಇಳಿಸಿಕೊಂಡು ಬಸ್ಸು ಹತ್ತುತ್ತಾರೆ.

ಕಾನೂನು ಮತ್ತು ಒಪ್ಪಿಗೆ

ಅಂಗಡಿಯಲ್ಲಿ ಕೊಂಡ ಸಾಮಾನ್ಯ ಸಿಮ್ಮನ್ನು ರೌಟರಿಗೆ, ಅಂದರೆ ಸಿಮ್ಮಿನ ಡೇಟಾವನ್ನು ವೈಫೈ ಆಗಿ ಹಂಚುವ ಪೆಟ್ಟಿಗೆಗೆ, ಹಾಕಿ ಪ್ರಯಾಣಿಕರಿಗೆ ಬಿಟ್ಟುಬಿಡುವುದು ಸರಿಯಲ್ಲ. ಸಾರ್ವಜನಿಕರಿಗೆ ಇಂಟರ್ನೆಟ್ ಹಂಚುವುದು ದೂರಸಂಪರ್ಕ ನಿಯಮಗಳ ಕೆಳಗೆ ಬರುವ ಕೆಲಸ. ಎರಡು ದಾರಿಗಳಿವೆ. ಪರವಾನಗಿ ಇರುವ ಇಂಟರ್ನೆಟ್ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಅವರ ಸೇವೆಯಾಗಿಯೇ ನಡೆಸುವುದು ಒಂದು. ಇನ್ನೊಂದು, 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ, ಪಿಎಂ-ವಾಣಿ. ಇದರಲ್ಲಿ ವೈಫೈ ಇಡುವವರು ಪಬ್ಲಿಕ್ ಡೇಟಾ ಆಫೀಸ್, ಅಂದರೆ ಪಿಡಿಒ. ಅವರಿಗೆ ಪರವಾನಗಿ ಬೇಡ, ನೋಂದಣಿ ಬೇಡ, ಶುಲ್ಕವಿಲ್ಲ. ಅವರ ಮೇಲಿನ ಒಗ್ಗೂಡಿಸುವ ಸಂಸ್ಥೆಯನ್ನು ಪಿಡಿಒಎ ಎನ್ನುತ್ತಾರೆ. ಅದು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಬಳಕೆದಾರರ ಗುರುತು, ಲೆಕ್ಕ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ನಾಲ್ಕೈದು ಬಸ್ಸಿನ ಖಾಸಗಿ ಮಾಲೀಕರಿಗೆ, ಕಾಲೇಜು ಬಸ್ಸಿಗೆ ಎರಡನೆಯದೇ ಹಗುರ. ಯಾವ ದಾರಿ ಹಿಡಿದರೂ ಸಿಮ್ಮಿನ ಪ್ಲಾನ್ ಹಂಚಿಕೆಗೆ ಒಪ್ಪುತ್ತದೆಂದು ಕಂಪನಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಾದರೆ ಒಂದು ಸ್ಕ್ರೂ ಕೂಡ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಘಟಕ ವ್ಯವಸ್ಥಾಪಕರ ಮೂಲಕ ವಿಭಾಗದ ತಾಂತ್ರಿಕ ಶಾಖೆಗೆ, ಅಲ್ಲಿಂದ ಗೋಕುಲ ರಸ್ತೆಯ ಕೇಂದ್ರ ಕಚೇರಿಗೆ ಕಾಗದ ಹೋಗಬೇಕು. ಕಾಗದದ ಜೊತೆ ವೈರಿಂಗ್ ಚಿತ್ರ, ಫ್ಯೂಜಿನ ಅಳತೆ, ಟಾಪ್ ಮೇಲೆ ಕೊರೆಯುವ ತೂತಿನ ಜಾಗ ಈ ಮೂರನ್ನು ಮೊದಲೇ ಲಗತ್ತಿಸಿದರೆ ತಾಂತ್ರಿಕ ಶಾಖೆ ತಿರುಗಿ ಕೇಳುವ ಪ್ರಶ್ನೆಗಳು ಅರ್ಧ ಕಡಿಮೆಯಾಗುತ್ತವೆ.

ದಾರಿ ಅಳೆಯುವುದು

ರೌಟರ್ ಕೊಳ್ಳುವ ಮೊದಲು ಆ ಬಸ್ಸು ಓಡುವ ದಾರಿಯಲ್ಲೇ ಮೂರು ಟ್ರಿಪ್ ಕೂತು ಅಳೆಯಿರಿ: ಬೆಳಗಿನ ಮೊದಲ ಟ್ರಿಪ್, ಮಧ್ಯಾಹ್ನದ್ದು, ಸಂಜೆ 5ರಿಂದ 7ರ ನಡುವಿನದು. ಮೂರು ಕಂಪನಿಯ ಸಿಮ್ ಹಾಕಿದ ಮೂರು ಆಂಡ್ರಾಯ್ಡ್ ಮೊಬೈಲ್ ಸಾಕು. ನೆಟ್‌ಮಾನ್‌ಸ್ಟರ್ ಅಥವಾ ಜಿ-ನೆಟ್‌ಟ್ರ್ಯಾಕ್‌ನಂಥ ಆ್ಯಪ್‌ನಲ್ಲಿ 5 ಸೆಕೆಂಡಿಗೊಮ್ಮೆ ದಾಖಲೆಯಾಗುವಂತೆ ಇಟ್ಟರೆ, 60 ಕಿ.ಮೀ. ವೇಗದಲ್ಲಿ ಸುಮಾರು 80 ಮೀಟರಿಗೊಂದು ಅಳತೆ ಸಿಗುತ್ತದೆ.

ಎರಡು ಅಂಕಿ ನೋಡಿ. ಮೊದಲನೆಯದು ಆರ್‌ಎಸ್‌ಆರ್‌ಪಿ, ಸಂಕೇತದ ಬಲ. ಮೈನಸ್ 95 ಡಿಬಿಎಂವರೆಗೆ ಚೆನ್ನ, ಮೈನಸ್ 105ರ ಸುತ್ತ ಸಾಧಾರಣ, ಮೈನಸ್ 115 ದಾಟಿದರೆ ನಂಬುವಂತಿಲ್ಲ. ಎರಡನೆಯದು ಎಸ್‌ಐಎನ್‌ಆರ್, ಗದ್ದಲಕ್ಕೆ ಎದುರಾಗಿ ಸಂಕೇತ ಎಷ್ಟು ಶುದ್ಧವಾಗಿದೆ ಎಂಬುದು. 10ಕ್ಕಿಂತ ಮೇಲಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿಳಿದರೆ ಬಲವಿದ್ದರೂ ವೇಗ ಬರುವುದಿಲ್ಲ. ಹೊಸೂರು, ವಿದ್ಯಾನಗರ, ನವನಗರದಂಥ ಜನದಟ್ಟಣೆಯ ಕಡೆ ಗಮನ ಎರಡನೆಯ ಅಂಕಿಯ ಮೇಲಿರಲಿ. ಕಪ್ಪತಗುಡ್ಡದ ಮಗ್ಗುಲಿನ ಡಂಬಳ, ಶಿರಹಟ್ಟಿ ಕಡೆಯ ದಾರಿಗಳಲ್ಲಿ ಗುಡ್ಡದ ಮರೆ ಇರುವುದರಿಂದ ಮೊದಲನೆಯದರ ಮೇಲೆ. ಹಾವೇರಿಯಿಂದ ಹುಬ್ಬಳ್ಳಿಗೆ ಬರುವ ರಾಷ್ಟ್ರೀಯ ಹೆದ್ದಾರಿ 48ರ ಅಳತೆಯನ್ನು ಸವಣೂರು, ಹಾನಗಲ್ಲಿನ ಒಳದಾರಿಗೆ ಅನ್ವಯಿಸಬೇಡಿ.

ಮೂರೂ ಟ್ರಿಪ್ಪಿನ ಅಂಕಿಗಳನ್ನು ಒಂದೇ ನಕ್ಷೆಗೆ ಹಾಕಿದಾಗ, ಒಂದು ಸಿಮ್ ಸೋತ ಜಾಗದಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ನೋಡಿ. ಒಟ್ಟಾರೆ ಅತಿ ಬಲವಾದ ಎರಡು ಸಿಮ್ ಆರಿಸುವುದು ಸಾಮಾನ್ಯ ತಪ್ಪು. ಒಂದು ಬಲವಾದದ್ದು, ಇನ್ನೊಂದು ಅದರ ಖಾಲಿ ಜಾಗ ತುಂಬುವಂಥದ್ದು, ಹೀಗೆ ಜೋಡಿ ಮಾಡಬೇಕು.

ರೌಟರ್

ಮನೆಯ ರೌಟರ್ 40 ಡಿಗ್ರಿ ಶಾಖದವರೆಗೆ ಮಾತ್ರ ಕೆಲಸಕ್ಕೆಂದು ಮಾಡಿದ್ದು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಬಸ್ಸಿನ ತಗಡಿನ ಕೆಳಗಿನ ಶಾಖ ಅದನ್ನು ಬಹಳ ದೂರ ಮೀರುತ್ತದೆ. ವಾಹನಕ್ಕೆಂದೇ ಮಾಡಿದ, 70 ಡಿಗ್ರಿ ತಡೆಯುವ, ಲೋಹದ ಹೊದಿಕೆಯ, ಫ್ಯಾನ್ ಇಲ್ಲದ ರೌಟರ್ ಬೇಕು. ಫ್ಯಾನ್ ಇದ್ದರೆ ನವಲಗುಂದ, ನರಗುಂದ ಕಡೆಯ ಎರೆಮಣ್ಣಿನ ಧೂಳನ್ನು ಎಳೆದುಕೊಂಡು ಬೇಗ ಕೂತುಬಿಡುತ್ತದೆ. ಬ್ಯಾಟರಿ ಇರುವ ಜೇಬಿನ ಹಾಟ್‌ಸ್ಪಾಟನ್ನು ಮಾತ್ರ ಎಂದೂ ಬಸ್ಸಿನಲ್ಲಿ ಬಿಟ್ಟು ಹೋಗಬೇಡಿ. ಆ ಶಾಖಕ್ಕೆ ಲಿಥಿಯಂ ಬ್ಯಾಟರಿ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು.

ಕೊಳ್ಳುವಾಗ ಕೇಳಬೇಕಾದವು:

- ಒಳಬರುವ ವಿದ್ಯುತ್ತು 9ರಿಂದ 36 ವೋಲ್ಟ್, ಜೊತೆಗೆ ಇಗ್ನಿಷನ್‌ಗೆ ಬೇರೆ ತಂತಿ.
- ಎಲ್‌ಟಿಇ (4ಜಿ) ಬ್ಯಾಂಡ್ 3, 5, 8, 40 ಇರಲೇಬೇಕು; ಬಿಎಸ್‌ಎನ್‌ಎಲ್ ಬಳಸುವುದಾದರೆ 1, 28 ಮತ್ತು 41. 5ಜಿ ಇದ್ದರೆ ಎನ್78, ಎನ್28. ಬೇರೆ ದೇಶದ ಮಾರುಕಟ್ಟೆಗೆಂದು ಬಂದ ಅಗ್ಗದ ಮಾದರಿಗಳಲ್ಲಿ ಕೆಲವಕ್ಕೆ 40 ಅಥವಾ 5 ಇರುವುದಿಲ್ಲ. ಆಗ ಮೊಬೈಲಿನಲ್ಲಿ ನಾಲ್ಕು ಕಡ್ಡಿ ತೋರುವ ಜಾಗದಲ್ಲೂ ರೌಟರ್ ಒದ್ದಾಡುತ್ತದೆ.
- ಟವರಿನೊಡನೆ ಮಾತಾಡುವ ಒಳಭಾಗ, ಅಂದರೆ ಮೋಡೆಮ್, ಕ್ಯಾಟ್-6 ಅಥವಾ ಮೇಲಿನದು. ಕ್ಯಾಟ್-4 ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯುತ್ತದೆ, ಸಂಜೆಯ ದಟ್ಟಣೆಯಲ್ಲಿ ಅದು ಸಾಲದು.
- ಜಿಪಿಎಸ್, ಮತ್ತು ಪವರ್ ಕನೆಕ್ಟರಿಗೆ ಬೀಗದ ಕ್ಲಿಪ್.

ಎರಡು ಸಿಮ್ ಇದೆ ಎಂದಾಕ್ಷಣ ಎರಡು ಮೋಡೆಮ್ ಇದೆ ಎಂದಲ್ಲ. ಒಂದೇ ಮೋಡೆಮ್ ಎರಡು ಸಿಮ್ಮಿನ ನಡುವೆ ಹಾರುವ ಮಾದರಿಯಲ್ಲಿ ಪ್ರತಿ ಸಲ ಅರ್ಧದಿಂದ ಒಂದು ನಿಮಿಷ ಎಲ್ಲರ ಸಂಪರ್ಕ ಕಡಿಯುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ ಅದು ನಡೆದೀತು. ಹಳ್ಳಿ ದಾರಿಗೆ ಎರಡು ಮೋಡೆಮಿನದೇ ಬೇಕು. ಒಂದು ಮೋಡೆಮಿನದೇ ಆದರೆ ಮೈನಸ್ 115ಕ್ಕಿಂತ ಕೆಳಗೆ 20 ಸೆಕೆಂಡ್ ನಿಂತರೆ ಮಾತ್ರ ಹಾರಲಿ, ಹಾರಿದ ಮೇಲೆ 5 ನಿಮಿಷ ಹಿಂದಿರುಗದಿರಲಿ ಎಂದು ನಿಗದಿಮಾಡಿ. ಈ ತಡೆ ಇಲ್ಲದಿದ್ದರೆ ಎರಡು ಟವರಿನ ನಡುವೆ ಸಿಕ್ಕ ರೌಟರ್ ಹಾರುವುದರಲ್ಲೇ ದಾರಿ ಮುಗಿಸುತ್ತದೆ.

ಬಸ್ಸು ಎಲ್ಲಿದೆಯೆಂದು ತಿಳಿಸಲು ಅದರಲ್ಲಿ ಆಗಲೇ ಇರುವ ಎಐಎಸ್-140 ಟ್ರ್ಯಾಕರಿನ ಸಿಮ್, ತಂತಿ, ಆಂಟೆನಾ ಯಾವುದನ್ನೂ ಮುಟ್ಟಬೇಡಿ. ತುರ್ತು ಗುಂಡಿ ಅದಕ್ಕೇ ಜೋಡಿಸಿರುತ್ತದೆ. ಕಂಡಕ್ಟರ್ ಟಿಕೆಟ್ ಯಂತ್ರವೂ ಪ್ರಯಾಣಿಕರ ಜಾಲದಲ್ಲಿ ಇರಕೂಡದು.

ವಿದ್ಯುತ್ತು

ಹೆಚ್ಚಿನ ವೈಫೈಗಳು ಸೋಲುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ದೊಡ್ಡ ಬಸ್ಸಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್ ಆಗಿರುತ್ತವೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 28ರ ಸುತ್ತ ಒಯ್ಯುತ್ತದೆ, ಸೆಲ್ಫ್ ಹೊಡೆಯುವ ಕ್ಷಣದಲ್ಲಿ 16–18ಕ್ಕೋ ಇನ್ನೂ ಕೆಳಕ್ಕೋ ಬೀಳುತ್ತದೆ. ಓಡುವ ಎಂಜಿನ್‌ನಲ್ಲಿ ಬ್ಯಾಟರಿಯ ಟರ್ಮಿನಲ್ ಸಡಿಲಾಗಿ ಕಳಚಿದರೆ ಒಂದು ಕ್ಷಣ ನೂರು ವೋಲ್ಟ್ ದಾಟುವ ಹೊಡೆತವೂ ಬರಬಹುದು. ಆದ್ದರಿಂದ ರೌಟರಿನ ಮುಂದೆ ವಾಹನಕ್ಕೆಂದೇ ಮಾಡಿದ, ಐಸೊಲೇಷನ್ ಇರುವ 24ರಿಂದ 12 ವೋಲ್ಟಿನ ಡಿಸಿ ಕನ್ವರ್ಟರ್ ಹಾಕಿ. ರೌಟರ್ 36 ವೋಲ್ಟ್ ತಡೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಹಾಕಿ.

ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯುವ ಅಭ್ಯಾಸ ಟೇಪ್‌ರೆಕಾರ್ಡರ್ ಕಾಲದಿಂದಲೂ ಇದೆ. ಮಾಡಬೇಡಿ. ಆ ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಸದಾ ಅತಿಚಾರ್ಜು. ಕೆಲವು ತಿಂಗಳಲ್ಲಿ ಎರಡೂ ಹಾಳಾಗುತ್ತವೆ.

ಕೆಲಸದ ಕ್ರಮ:

1. ಎಂಜಿನ್ ನಿಲ್ಲಿಸಿ, ಬ್ಯಾಟರಿಯನ್ನು ಬೇರ್ಪಡಿಸುವ ಕಟಾಫ್ ಸ್ವಿಚ್ ಆಫ್ ಮಾಡಿ. ವಿದ್ಯುತ್ ಬಸ್ಸಾದರೆ ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಕೈ ಹಾಕಬೇಡಿ. ಆ ಕೆಲಸ ತಯಾರಕರ ತಂತ್ರಜ್ಞರದು.
2. ಧನ ತಂತಿಯನ್ನು ಫ್ಯೂಜ್ ಪೆಟ್ಟಿಗೆಯಲ್ಲಿ ಖಾಲಿ ಇರುವ ಜಾಗದಿಂದ ತೆಗೆದುಕೊಳ್ಳಿ. ಅಲ್ಲಿಂದ ಒಂದು ಗೇಣಿನೊಳಗೆ 3 ಆಂಪ್ ಬ್ಲೇಡ್ ಫ್ಯೂಜ್ ಇರಬೇಕು. ಫ್ಯೂಜ್ ರೌಟರ್ ಬಳಿ ಇದ್ದರೆ, ನಡುವಿನ ಹತ್ತು ಮೀಟರ್ ತಂತಿ ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರು ಯಾರೂ ಇಲ್ಲ.
3. ತಂತಿ 1.5 ಚದರ ಮಿ.ಮೀ., ಬೆಂಕಿ ಹರಡದ ಎಫ್‌ಆರ್ ದರ್ಜೆಯದು. 15 ವ್ಯಾಟಿನ ರೌಟರಿಗೆ 24 ವೋಲ್ಟಿನಲ್ಲಿ ಸುಮಾರು 0.6 ಆಂಪ್ ಸಾಕು, ತೆಳು ತಂತಿಯೂ ಅದನ್ನು ಹೊರುತ್ತದೆ. ಆದರೆ ಅಲುಗಾಟಕ್ಕೆ ತೆಳು ತಂತಿ ಲಗ್ಗಿನ ಕುತ್ತಿಗೆಯಲ್ಲೇ ತುಂಡಾಗುತ್ತದೆ.
4. ತುದಿಗಳಿಗೆ ಲಗ್ ಹಾಕಿ ಕ್ರಿಂಪ್ ಮಾಡಿ. ಹೆಣೆದು ಟೇಪ್ ಸುತ್ತಿದ ಜೋಡಣೆ ಬೇಸಿಗೆಯಲ್ಲಿ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ.
5. ಇಗ್ನಿಷನ್ ತಂತಿಯನ್ನು ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಸರ್ಕ್ಯೂಟಿಗೆ ಕೊಡಿ, ಅದಕ್ಕೆ 1 ಆಂಪ್ ಫ್ಯೂಜ್. ಎಂಜಿನ್ ನಿಂತ 10 ನಿಮಿಷದ ಮೇಲೆ ರೌಟರ್ ಆರಲಿ. ಸ್ಟಾಪಿನಲ್ಲಿ ಡ್ರೈವರ್ ಎಂಜಿನ್ ಆರಿಸಿ ಚಹಾ ಕುಡಿದು ಬರುವಷ್ಟರಲ್ಲಿ ಸಂಪರ್ಕ ಕಡಿಯಬಾರದು, ಅದಕ್ಕೆ ಈ 10 ನಿಮಿಷ.
6. ಋಣ ತಂತಿಯನ್ನು ಕಟಾಫ್ ಸ್ವಿಚ್ಚಿನ ಬಾಡಿ ಕಡೆಗೆ ಕೊಡಿ.

ಆರನೆಯದನ್ನು ಬಿಡಿಸಿ ಹೇಳಬೇಕು. ಕೆಲವು ಬಸ್ಸಿನಲ್ಲಿ ಕಟಾಫ್ ಇರುವುದು ಋಣ ತಂತಿಯ ಮೇಲೆ. ರೌಟರಿನ ಋಣವನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು, ಆಂಟೆನಾದ ಬುಡ ಟಾಪಿನ ತಗಡಿಗೆ ತಾಗಿದ್ದರೆ, ಬಾಡಿಯಿಂದ ಬ್ಯಾಟರಿಗೆ ರೌಟರ್ ಮೂಲಕ ಇನ್ನೊಂದು ದಾರಿ ತೆರೆದಂತಾಯಿತು. ಕಟಾಫ್ ಆಫ್ ಮಾಡಿದಾಗ ಅಥವಾ ಅದರ ಸಂಪರ್ಕ ಸಡಿಲಾದಾಗ ಸೆಲ್ಫಿನ ಕರೆಂಟು ಆ ತೆಳು ಆಂಟೆನಾ ಕೇಬಲ್ಲಿನ ಜಾಲರಿಯಲ್ಲಿ ಹರಿದು ಕೇಬಲ್, ರೌಟರ್ ಎರಡೂ ಸುಡುತ್ತವೆ. ನೋಡಿದವರು ರೌಟರೇ ಕೆಟ್ಟದ್ದೆಂದು ಹೊಸದು ಹಾಕುತ್ತಾರೆ, ಅದೂ ಸುಡುತ್ತದೆ.

ವಸ್ತಿ ಬಸ್ಸಿನ ಲೆಕ್ಕ ಬೇರೆ. ರಾತ್ರಿ ಹಳ್ಳಿಯಲ್ಲಿ ನಿಲ್ಲುವ ಬಸ್ಸಿನ ರೌಟರ್ ಆರದೆ ಉಳಿದರೆ ಹತ್ತು ಗಂಟೆಗೆ 6 ಆಂಪ್-ಅವರ್ ಹೋಗುತ್ತದೆ. ಒಳ್ಳೆಯ ಬ್ಯಾಟರಿಗೆ ಒಂದು ರಾತ್ರಿ ಅದು ಲೆಕ್ಕಕ್ಕಿಲ್ಲ. ಆದರೆ ರಿಪೇರಿಗೆಂದು ಆರು ದಿನ ನಿಂತ ಬಸ್ಸಿನಲ್ಲಿ 86 ಆಂಪ್-ಅವರ್ ಬರಿದಾಗುತ್ತದೆ, ಹಳೆಯ ಬ್ಯಾಟರಿಯಾದರೆ ಎಂಜಿನ್ ಎತ್ತುವುದೇ ಇಲ್ಲ. ಒಮ್ಮೆ ಹಾಗಾದರೆ ಡ್ರೈವರ್ ವೈಫೈ ಫ್ಯೂಜನ್ನು ಕಿತ್ತು ಎಸೆಯುತ್ತಾರೆ, ಅದು ಅವರ ತಪ್ಪಲ್ಲ. ಕನ್ವರ್ಟರಿನಲ್ಲಿ 23.5 ವೋಲ್ಟಿಗಿಂತ ಕೆಳಗಿಳಿದರೆ ತಾನೇ ಆರುವ ವ್ಯವಸ್ಥೆ ಇರಲಿ, ಆದರೆ ಒಂದು ನಿಮಿಷದ ತಡದೊಂದಿಗೆ; ಇಲ್ಲದಿದ್ದರೆ ಪ್ರತಿ ಸೆಲ್ಫಿಗೂ ಆರುತ್ತದೆ.

ಆಂಟೆನಾ

ಬಸ್ಸಿನ ತಗಡು, ಒಳಗೆ ಒತ್ತಿ ನಿಂತ ಮೈಗಳು, ಲೋಹದ ಲೇಪನವಿದ್ದರೆ ಗಾಜು ಕೂಡ ಸಂಕೇತ ನುಂಗುತ್ತವೆ. ಕಿಟಕಿ ಮುಚ್ಚಿದ, ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿಯಂಥ ಎ.ಸಿ. ಬಸ್ಸಿಗೂ, ಸಂತೆಯ ದಿನ ಬಾಗಿಲಿನವರೆಗೆ ತುಂಬಿದ ಹಳ್ಳಿ ಬಸ್ಸಿಗೂ ಟಾಪ್ ಮೇಲಿನ ಆಂಟೆನಾ ಬೇಕೇ ಬೇಕು.

ರೌಟರನ್ನು ಬಸ್ಸಿನ ನಡುಮಧ್ಯ, ಒಳಮಾಳಿಗೆಯ ಫಲಕದೊಳಗೆ ಇಡಿ, ಆಂಟೆನಾ ನೇರ ಅದರ ಮೇಲೆ. ಹೀಗಿಟ್ಟರೆ ಕೇಬಲ್ ಒಂದೂವರೆ ಮೀಟರಿನಲ್ಲಿ ಮುಗಿಯುತ್ತದೆ, ವೈಫೈ ಕೂಡ ತಲೆಗಳ ಮೇಲಿನಿಂದ ಎರಡೂ ಬದಿಗೆ ಸಮನಾಗಿ ಹರಡುತ್ತದೆ. ಡ್ರೈವರ್ ಬಳಿ ಇಟ್ಟರೆ ತಂತಿ ಎಳೆಯುವ ಕೆಲಸ ಸುಲಭ, ಆದರೆ ಹಿಂದಿನ ಸೀಟಿನವರಿಗೆ ಸಿಗುವುದು ಅರೆಬರೆ. ಸೀಟಿನ ಕೆಳಗಂತೂ ಬೇಡ, ಡಿಪೊದಲ್ಲಿ ಪೈಪ್ ಹಿಡಿದು ತೊಳೆಯುವ ನೀರು ಮೊದಲು ಅಲ್ಲಿಗೇ ಹೋಗುತ್ತದೆ.

ಕೇಬಲ್ ಉದ್ದವೇ ಶತ್ರು. ತೆಳ್ಳನೆಯ ಆರ್‌ಜಿ-58 ಐದು ಮೀಟರ್ ಎಳೆದರೆ 2300 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡಿಬಿ ನಷ್ಟ, ಅಂದರೆ ಆಂಟೆನಾ ಹಿಡಿದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ರೌಟರಿಗೆ ತಲುಪುತ್ತದೆ. ಎಲ್‌ಎಂಆರ್-200 ಆದರೆ ನಷ್ಟ ಅದರ ಅರ್ಧದಷ್ಟು. ಉಳಿದ ಕೇಬಲನ್ನು ಸುರುಳಿ ಸುತ್ತಿ ಇಡಬೇಡಿ, ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ.

ಎಲ್‌ಟಿಇಗೆ ಎರಡು ಕನೆಕ್ಟರ್ ಇರುತ್ತವೆ, ಎರಡಕ್ಕೂ ಆಂಟೆನಾ ಬೇಕು. ಒಂದು ಕಳಚಿದರೆ ಸಂಪರ್ಕ ಉಳಿಯುತ್ತದೆ, ವೇಗ ಅರ್ಧವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ರೌಟರಿನ ಪುಟದಲ್ಲಿ ಎರಡೂ ಆಂಟೆನಾದ ಬಲ ಬೇರೆಬೇರೆ ತೋರಿಸುತ್ತದೆ. 10 ಡಿಬಿಗಿಂತ ಹೆಚ್ಚು ಅಂತರವಿದ್ದರೆ ಒಂದು ಸಡಿಲಾಗಿದೆ. ಇನ್ನೊಂದು ಬಲೆ ಕನೆಕ್ಟರಿನದು: ಎಲ್‌ಟಿಇಗೆ ಎಸ್‌ಎಂಎ, ವೈಫೈಗೆ ಸಾಮಾನ್ಯವಾಗಿ ಆರ್‌ಪಿ-ಎಸ್‌ಎಂಎ. ಎರಡೂ ಒಂದರೊಳಗೊಂದು ತಿರುಗಿ ಕೂರುತ್ತವೆ, ಆದರೆ ತಪ್ಪು ಜೋಡಿಯಲ್ಲಿ ನಡುವಿನ ಸೂಜಿ ಎದುರು ಸೂಜಿಯೇ ಇರುವುದಿಲ್ಲ, ಇಲ್ಲವೆ ಎರಡು ಸೂಜಿ ಗುದ್ದಿಕೊಳ್ಳುತ್ತವೆ. ತಿರುಗಿಸುವ ಮೊದಲು ಕಣ್ಣಿಟ್ಟು ನೋಡಿ.

ಟಾಪ್ ಮೇಲೆ ಎತ್ತರದ ಕಡ್ಡಿ ಆಂಟೆನಾ ಬೇಡ. ರಸ್ತೆಗೆ ಬಾಗಿದ ಹುಣಸೆ, ಬೇವಿನ ಟೊಂಗೆ ಅದನ್ನು ವಾರದಲ್ಲಿ ಮುರಿಯುತ್ತದೆ. ಚಪ್ಪಟೆ ಬಿಲ್ಲೆಯ ಆಕಾರದ್ದು ಸರಿ. ಕ್ಯಾರಿಯರ್ ಇರುವ ಬಸ್ಸಾದರೆ ಅದರ ಕಂಬಿಯಿಂದ ಅರ್ಧ ಮೀಟರ್ ದೂರ ಇಡಿ, ಬ್ಯಾಡಗಿಗೆ ಹೋಗುವ ಮೆಣಸಿನಕಾಯಿ ಚೀಲ ಅದರ ಮೇಲೆ ಬೀಳದಂತೆ. ಟಾಪ್ ಫೈಬರಿನದಾದರೆ ಕೆಳಗೆ ತಗಡಿನ ಫಲಕ ಹಾಕಬೇಕು, ಇಂಥ ಆಂಟೆನಾಗಳಲ್ಲಿ ಹೆಚ್ಚಿನವು ಕೆಳಗೆ ಲೋಹವಿದೆ ಎಂದೇ ಲೆಕ್ಕ ಹಾಕಿ ಮಾಡಿದವು.

ಕೊರೆಯುವಾಗ ಬಿಟ್ಟಿಗೆ ಆಳದ ತಡೆ ಹಾಕಿ, ತಗಡಿನ ಕೆಳಗೇ ದೀಪದ ತಂತಿಗಳಿರುತ್ತವೆ. ತೂತಿನ ಅಂಚಿಗೆ ತುಕ್ಕುನಿರೋಧಕ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಪಾಲಿಯುರೆಥೇನ್ ಸೀಲಂಟ್ ತುಂಬಿ, ಒಂದು ದಿನ ಬಸ್ಸನ್ನು ತೊಳೆಯಬೇಡಿ. ಕೇಬಲ್ ರೌಟರಿಗೆ ಸೇರುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಿ. ಸೀಲ್ ಬಿಟ್ಟು ಒಸರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ.

ಹಂಚಿಕೆ

ಒಬ್ಬರು 1 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ನಿರಂತರ ಬಳಸಿದರೆ 450 ಎಂಬಿ. 20 ಜನ ಹಾಗೆ ಬಳಸಿದರೆ ಗಂಟೆಗೆ 9 ಜಿಬಿ. ತಡೆಯಿಲ್ಲದೆ ಬಿಟ್ಟರೆ ಮುಂದಿನ ಸೀಟಿನ ನಾಲ್ವರ ಕ್ರಿಕೆಟ್ ಪಂದ್ಯಕ್ಕೆ ಹಿಂದಿನ ನಲವತ್ತು ಜನರ ಪಾಲು ಹೋಗುತ್ತದೆ. ನಮ್ಮ ಶಿಫಾರಸು ಹೀಗೆ: ಒಬ್ಬರಿಗೆ ಇಳಿಕೆ 1 ಎಂಬಿಪಿಎಸ್, ಏರಿಕೆ 512 ಕೆಬಿಪಿಎಸ್, ದಿನಕ್ಕೆ 100 ಎಂಬಿ. ಅದು ಮುಗಿದ ಮೇಲೆ ಕಡಿಯಬೇಡಿ, 128 ಕೆಬಿಪಿಎಸ್‌ಗೆ ಇಳಿಸಿ. ಪೂರ್ತಿ ವೇಗದ ವಿಡಿಯೋದಲ್ಲಿ 100 ಎಂಬಿ 13 ನಿಮಿಷಕ್ಕೆ ಮುಗಿಯುತ್ತದೆ, ನಿಜ. ಆದರೆ ಇಳಿಸಿದ ವೇಗದಲ್ಲೂ ವಾಟ್ಸ್‌ಆ್ಯಪ್ ಬರಹ, ಯುಪಿಐ ಪಾವತಿ ಊರು ಮುಟ್ಟುವವರೆಗೆ ನಡೆಯುತ್ತವೆ, ಬಸ್ಸಿನಲ್ಲಿ ಬೇಕಾದದ್ದು ಅದು. ದಿನಕ್ಕೆ 200 ಜನ ಲಾಗಿನ್ ಆಗುವ ಬಸ್ಸಿಗೆ ಪೂರ್ತಿ ವೇಗದ ಬಳಕೆ ಹೆಚ್ಚೆಂದರೆ 20 ಜಿಬಿ, ತಿಂಗಳಿಗೆ 600 ಜಿಬಿ. ಇಳಿಸಿದ ವೇಗದ ಬಳಕೆಗೆ ಇನ್ನಷ್ಟು ಸೇರಿಸಿ ಪ್ಲಾನ್ ಮಾತಾಡಿ.

ಪ್ರಯಾಣಿಕರು ಮುಟ್ಟದಿದ್ದರೂ ಮೊಬೈಲ್ ತಾನಾಗಿ ಡೇಟಾ ತಿನ್ನುತ್ತದೆ: ಆ್ಯಪ್‌ಗಳ ಅಪ್‌ಡೇಟ್, ಫೋಟೋ ಬ್ಯಾಕಪ್. ಇದನ್ನು ತಡೆಯಲು ಒಂದು ಸರಳ ಉಪಾಯವಿದೆ. ರೌಟರಿನಲ್ಲಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ 43ನೇ ಆಯ್ಕೆಯಲ್ಲಿ ‘ಆಂಡ್ರಾಯ್ಡ್’, ‘ಮೀಟರ್ಡ್’ ಎಂಬ ಎರಡು ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆದರೆ, ಆಂಡ್ರಾಯ್ಡ್ ಮೊಬೈಲ್‌ಗಳು ಈ ಜಾಲವನ್ನು ಎಣಿಸಿ ಬಳಸುವ ಡೇಟಾ ಎಂದು ತಿಳಿದು ವೈಫೈಗೆಂದು ಕಾದಿಟ್ಟ ಕೆಲಸಗಳನ್ನು ತಾವೇ ಮುಂದೂಡುತ್ತವೆ.

ಐಪಿ ವಿಳಾಸಗಳ ವಿಷಯದಲ್ಲಿ ಬಹುಪಾಲು ಬಸ್ಸುಗಳು ಎಡವುತ್ತವೆ. ರೌಟರ್ ಕಾರ್ಖಾನೆಯಿಂದ ಬರುವಾಗ ನೂರೈವತ್ತು ಇನ್ನೂರು ವಿಳಾಸ, ಒಂದೊಂದಕ್ಕೆ 12 ಅಥವಾ 24 ಗಂಟೆ ಬಾಡಿಗೆ ಎಂದಿರುತ್ತದೆ. ಮನೆಗೆ ಅದು ಸರಿ. ಬಸ್ಸಿನಲ್ಲಿ ಇಳಿದು ಹೋದವರ ವಿಳಾಸವೂ ಸಂಜೆವರೆಗೆ ಹಿಡಿದಿರುತ್ತದೆ, ನಿಲ್ದಾಣದಲ್ಲಿ ಪಕ್ಕ ಹಾದುಹೋದವರ ಮೊಬೈಲೂ ಒಂದು ವಿಳಾಸ ಹಿಡಿದು ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಿಳಾಸ ಖಾಲಿ. ‘ಕಂಡಕ್ಟರ್ ಸಾಹೇಬ್ರ, ಮುಂಜಾನೆ ಬರತಿತ್ತು, ಈಗ ವೈಫೈ ಬರವಲ್ದಲ್ರೀ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಜಾಲದ ಗಾತ್ರವನ್ನು (ಸಬ್‌ನೆಟ್) /22 ಮಾಡಿ, ಆಗ 1022 ವಿಳಾಸ; ಬಾಡಿಗೆ ಅವಧಿ 30 ನಿಮಿಷ.

ವೈಫೈ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಮಾತ್ರ. 2.4ರಲ್ಲಿ 1, 6, 11ನ್ನು ಬಸ್ಸಿನ ನಂಬರಿನ ಕೊನೆಯ ಅಂಕಿ ನೋಡಿ ಹಂಚಿ: 0–3ಕ್ಕೆ 1, 4–6ಕ್ಕೆ 6, 7–9ಕ್ಕೆ 11. ನಿಲ್ದಾಣದಲ್ಲಿ ಹತ್ತು ಬಸ್ಸು ಸಾಲಾಗಿ ನಿಂತಾಗ ಇದರ ಬೆಲೆ ತಿಳಿಯುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 36–48 ಅಥವಾ 149–161. ನಡುವಿನ ಚಾನೆಲ್‌ಗಳಲ್ಲಿ ರೇಡಾರ್ ಇದೆಯೇ ಎಂದು ರೌಟರ್ ಆಗಾಗ ಕಿವಿಗೊಡಬೇಕಾಗುತ್ತದೆ, ಓಡುವ ಬಸ್ಸಿಗೆ ಆ ತಡ ಸಲ್ಲದು. ಪ್ರಸಾರದ ಬಲವನ್ನು 15 ಡಿಬಿಎಂಗೆ ಇಳಿಸಿ. ಮೈನಸ್ 72 ಡಿಬಿಎಂಗಿಂತ ದುರ್ಬಲ ಸಂಕೇತದ ಮೊಬೈಲನ್ನು ಸೇರಿಸಬೇಡಿ. ಒಬ್ಬರ ಮೊಬೈಲ್ ಇನ್ನೊಬ್ಬರದನ್ನು ಕಾಣದಂತೆ ಕ್ಲೈಂಟ್ ಐಸೊಲೇಷನ್ ಹಾಕುವುದು ಕಡ್ಡಾಯ.

ಲಾಗಿನ್

ಎಲ್ಲ ಬಸ್ಸಿಗೂ ಒಂದೇ ಹೆಸರಿನ ವೈಫೈ ಇಡಿ, ಬಸ್ಸಿನ ನಂಬರ್ ಸೇರಿಸಬೇಡಿ. ಈಗಿನ ಮೊಬೈಲ್‌ಗಳು ಪ್ರತಿ ಜಾಲದ ಹೆಸರಿಗೂ ಬೇರೆ ಸುಳ್ಳು ಮ್ಯಾಕ್ ವಿಳಾಸ (ಮೊಬೈಲಿನ ಗುರುತು) ತೋರಿಸುತ್ತವೆ. ಹೆಸರು ಒಂದೇ ಇದ್ದರೆ ಸಾಮಾನ್ಯವಾಗಿ ವಿಳಾಸವೂ ಒಂದೇ ಉಳಿದು, ನಿನ್ನೆ ಬೇರೆ ಬಸ್ಸಿನಲ್ಲಿ ಲಾಗಿನ್ ಆದವರನ್ನು ಇಂದು ಗುರುತಿಸಬಹುದು. ಒಮ್ಮೆ ಒಟಿಪಿ ಕೊಟ್ಟವರಿಗೆ 30 ದಿನ ಮತ್ತೆ ಕೇಳಬೇಡಿ. ಹುಬ್ಬಳ್ಳಿ–ಧಾರವಾಡದ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ (ಬಸ್ಸಿಗೆಂದೇ ಮೀಸಲಾದ) ದಾರಿಯಲ್ಲಿ ನಾಲ್ಕು ಸ್ಟೇಷನ್ ದಾಟಿ ಇಳಿಯುವವರಿಗೆ ಪ್ರತಿ ಸಲ ಒಟಿಪಿ ಕೇಳಿದರೆ ವೈಫೈ ಇದ್ದೂ ಇಲ್ಲದಂತೆ.

ಒಟಿಪಿ ಎಸ್‌ಎಂಎಸ್ ಬರುವುದು ಪ್ರಯಾಣಿಕರದೇ ಸಿಮ್ಮಿನ ಟವರ್ ಮೂಲಕ. ಟವರ್ ಇಲ್ಲದ ಕಡೆ ಹತ್ತಿದವರಿಗೆ ಅದು ಬರುವುದೇ ಇಲ್ಲ. ಹಾಗಾಗಿ ನಿಲ್ದಾಣದಲ್ಲೇ ಲಾಗಿನ್ ಆಗುವಂತೆ ಅಲ್ಲಿನ ವೈಫೈಗೂ ಇದೇ ಹೆಸರಿಟ್ಟರೆ ಅನುಕೂಲ. ಎಸ್‌ಎಂಎಸ್ ಕಳಿಸುವ ಹೆಸರು, ಒಕ್ಕಣೆ ಎರಡನ್ನೂ ಡಿಎಲ್‌ಟಿಯಲ್ಲಿ, ಅಂದರೆ ದೂರಸಂಪರ್ಕ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ, ಮೊದಲೇ ನೋಂದಾಯಿಸಬೇಕು. ಕನ್ನಡ ಒಕ್ಕಣೆಗೆ ಒಂದು ಎಸ್‌ಎಂಎಸ್‌ನಲ್ಲಿ ಸಿಗುವುದು 70 ಅಕ್ಷರಸ್ಥಾನ ಮಾತ್ರ, ಇಂಗ್ಲಿಷಿಗೆ 160. ಕನ್ನಡದಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆ ಪ್ರತ್ಯೇಕ ಎಣಿಕೆಯಾಗುತ್ತವೆ. ‘ನಿಮ್ಮ ವೈಫೈ ಒಟಿಪಿ’, ಮುಂದೆ ಅಂಕಿ, ಇಷ್ಟಕ್ಕೇ ನಿಲ್ಲಿಸಿದರೆ ಕನ್ನಡದಲ್ಲೇ ಒಂದೇ ಎಸ್‌ಎಂಎಸ್‌ನ ಖರ್ಚಿನಲ್ಲಿ ಮುಗಿಯುತ್ತದೆ. ಖರ್ಚಿನ ನೆಪದಲ್ಲಿ ಕನ್ನಡ ಬಿಡಬೇಕಾಗಿಲ್ಲ.

ಲಾಗಿನ್ ಪುಟ ರೌಟರಿನೊಳಗೇ ಇರಲಿ, 100 ಕೆಬಿ ಮೀರದಿರಲಿ, ಕನ್ನಡ ಅಕ್ಷರಕ್ಕೆ ಮೊಬೈಲಿನಲ್ಲೇ ಇರುವ ಫಾಂಟ್ ಬಳಸಲಿ. ಕೇಳುವುದು ಮೊಬೈಲ್ ನಂಬರ್ ಒಂದನ್ನೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಯಾಕೆ ಕೇಳುತ್ತೀರೆಂಬ ಸೂಚನೆ ಕನ್ನಡದಲ್ಲಿಯೂ ಸಿಗಬೇಕು. ಆ ನಂಬರನ್ನು ಜಾಹೀರಾತಿಗೆ ಮಾರುವುದು ಬಸ್ಸು ಹತ್ತಿದವರಿಗೆ ಮಾಡುವ ದ್ರೋಹ.

ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ದಾಖಲೆಗಳನ್ನು 180 ದಿನ ದೇಶದೊಳಗೆ ಕಾಪಿಡಬೇಕು. ಇಲ್ಲಿ ಗಡಿಯಾರ ಮುಖ್ಯ. ಕೆಲವು ರೌಟರ್ ಪ್ರತಿ ಸಲ ಹೊತ್ತಿದಾಗ 1970ಕ್ಕೆ ಹೋಗಿ ನಿಲ್ಲುತ್ತವೆ. ಜಿಪಿಎಸ್‌ನಿಂದಲೋ ಸಮಯದ ಸರ್ವರಿನಿಂದಲೋ ಗಡಿಯಾರ ಸರಿಯಾದ ಮೇಲೆಯೇ ಲಾಗಿನ್ ತೆರೆಯುವಂತೆ ಮಾಡಿ, ಇಲ್ಲದಿದ್ದರೆ ಆ ದಾಖಲೆಗಳಿಂದ ಪ್ರಯೋಜನವಿಲ್ಲ.

ಕೆಟ್ಟಾಗ ಎಲ್ಲಿ ನೋಡಬೇಕು

ವೈಫೈ ಕಾಣುತ್ತದೆ, ಲಾಗಿನ್ ಪುಟ ಮೇಲೇಳುವುದಿಲ್ಲ ಎಂದಾದರೆ, ಲಾಗಿನ್‌ಗೂ ಮುಂಚೆ ತೆರೆದಿಟ್ಟ ವಿಳಾಸಗಳ ಪಟ್ಟಿ ನೋಡಿ. ಮೊಬೈಲ್ ಜಾಲಕ್ಕೆ ಸೇರಿದೊಡನೆ ಗೂಗಲ್ ಅಥವಾ ಆ್ಯಪಲ್‌ನ ಒಂದು ಪರೀಕ್ಷಾ ವಿಳಾಸವನ್ನು ತಟ್ಟುತ್ತದೆ, ಅಲ್ಲಿಗೆ ತಲುಪದಿದ್ದಾಗ ಮಾತ್ರ ಪುಟ ತೆರೆಯುತ್ತದೆ. ಪಟ್ಟಿಯಲ್ಲಿ ಗೂಗಲ್ ಪೂರ್ತಿ ತೆರೆದಿಟ್ಟಿದ್ದರೆ ಮೊಬೈಲ್ ಇಂಟರ್ನೆಟ್ ಇದೆ ಎಂದೇ ತಿಳಿಯುತ್ತದೆ. ಒಬ್ಬರಿಗೆ ಮಾತ್ರ ಹೀಗಾದರೆ ಅವರ ಮೊಬೈಲಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಥವಾ ವಿಪಿಎನ್ ಹಾಕಿರುತ್ತಾರೆ.

ಊರೊಳಗೆ ಚೆನ್ನಾಗಿದ್ದು ಹೊರಗೆ ನಿಧಾನವಾದರೆ ಆಂಟೆನಾ, ಕೇಬಲ್ ನೋಡಿ. ಹೊರಗೆ ಚೆನ್ನಾಗಿದ್ದು ಊರೊಳಗೆ ನಿಧಾನವಾದರೆ ಟವರಿನ ದಟ್ಟಣೆ. ಮೋಡೆಮ್ ಯಾವ ಬ್ಯಾಂಡಿಗೆ ಅಂಟಿಕೊಂಡಿದೆ ನೋಡಿ, ಎರಡನೇ ಸಿಮ್ ಹಾಕಿ ಹೋಲಿಸಿ. ಮಳೆ ಬಂದ ದಿನ ಮಾತ್ರ ನಿಧಾನವಾದರೆ ಸೀಲ್ ಬಿಟ್ಟಿದೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮಾತ್ರ ಸತ್ತಿದ್ದು ಆಮೇಲೆ ಬಂದರೆ ಸೆಲ್ಫಿನ ಕುಸಿತ: ಮಲ್ಟಿಮೀಟರನ್ನು ಕನಿಷ್ಠ ಅಂಕಿ ಹಿಡಿಯುವ ಸ್ಥಿತಿಗಿಟ್ಟು ಕನ್ವರ್ಟರಿನ ಎರಡೂ ಬದಿಯಲ್ಲಿ ಅಳೆಯಿರಿ. ಒಳಬದಿ ಎಷ್ಟೇ ಬಿದ್ದರೂ ಹೊರಬದಿ 11.5ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಕನ್ವರ್ಟರ್ ಬದಲಿಸಿ.

ದೂರದಿಂದ ರೌಟರ್ ನೋಡಬೇಕೆಂದರೆ ಸಿಮ್ಮಿನ ಸಾರ್ವಜನಿಕ ಐಪಿ ನಂಬಬೇಡಿ, ಮೊಬೈಲ್ ಕಂಪನಿಗಳು ಒಂದು ಐಪಿಯ ಹಿಂದೆ ಸಾವಿರಾರು ಜನರನ್ನು ಕೂರಿಸುತ್ತವೆ. ರೌಟರೇ ಒಳಗಿನಿಂದ ಹೊರಟು ನಿಮ್ಮ ಸರ್ವರಿಗೆ ವಿಪಿಎನ್ ಕಟ್ಟಬೇಕು. ಫರ್ಮ್‌ವೇರ್ ಬದಲಾವಣೆಯನ್ನು ಡಿಪೊದ ವೈಫೈ ಮೇಲೆ, ಮೊದಲು ಒಂದೇ ಬಸ್ಸಿಗೆ ಹಾಕಿ. ಒಂದು ವಾರ ಓಡಿದ ಮೇಲೆ ಉಳಿದವಕ್ಕೆ.

ಬಸ್ಸು ಡಾಕಿಂಗ್‌ಗೆ (ಡಿಪೊದ ನಿಯಮಿತ ತಪಾಸಣೆಗೆ) ಬಂದಾಗಲೆಲ್ಲ ಹತ್ತು ನಿಮಿಷ ಇದಕ್ಕೆ ಕೊಡಿ: ಲಗ್ಗುಗಳನ್ನು ಕೈಯಿಂದ ಎಳೆದು ನೋಡಿ, ಆಂಟೆನಾ ಕನೆಕ್ಟರ್ ಬಿಗಿ ಮಾಡಿ, ಟಾಪಿನ ಸೀಲಂಟ್ ಬಿರುಕು ನೋಡಿ, ಧೂಳು ಒಣಬಟ್ಟೆಯಲ್ಲಿ ಒರೆಸಿ, ಎರಡೂ ಸಿಮ್ಮಿನ ಬಾಕಿ ಡೇಟಾ ಬರೆದಿಡಿ. ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ದೂರಿಗೆ ಕೊಟ್ಟ ನಂಬರಿಗೆ ಅಂದೇ ಒಮ್ಮೆ ಕರೆ ಮಾಡಿ ನೋಡಿ.